ಬ್ರೌಸರಿನ ಬೀಗ ಕಾಯದ ಹಾದಿ

ಚಿಕ್ಕಮಗಳೂರಿನ ಸುತ್ತಮುತ್ತಲ ಹೋಂಸ್ಟೇಗಳಲ್ಲಿ ಹಲವು ಈಗ ಸ್ವಂತ ಜಾಲತಾಣ ಹೊಂದಿವೆ. ಮುಳ್ಳಯ್ಯನಗಿರಿ ನೋಡಲು ಬರುವವರು ಕೋಣೆ ಕಾಯ್ದಿರಿಸುವಾಗ ಹೊಸ ಪಾಸ್‌ವರ್ಡ್‌ನ ಗೊಡವೆಗೆ ಹೋಗದೆ ‘ಗೂಗಲ್ ಮೂಲಕ ಲಾಗಿನ್’ ಗುಂಡಿಯನ್ನು ಒತ್ತುತ್ತಾರೆ. ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವಿದ್ದರೆ ಎಲ್ಲವೂ ಭದ್ರ ಎಂಬ ನಂಬಿಕೆ ಬಳಸುವವರಲ್ಲಿಯೂ, ತಾಣ ಕಟ್ಟಿಕೊಡುವ ಅನೇಕರಲ್ಲಿಯೂ ಬೇರೂರಿದೆ. ಜನ ಅದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆಂಬ ಕಾರಣಕ್ಕೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿತ್ರವನ್ನು ಕೈಬಿಟ್ಟಿತು.

ಗುಂಡಿ ಒತ್ತಿದ ಮೇಲೆ ಬ್ರೌಸರ್ ಗೂಗಲ್‌ನಿಂದ ತರುವುದು ಸಾಮಾನ್ಯವಾಗಿ ಒಂದು ತಾತ್ಕಾಲಿಕ ಸಂಕೇತವನ್ನಷ್ಟೇ. ಅದನ್ನು ಒಪ್ಪಿಸಿ, ಬಂದವರು ಯಾರೆಂದು ಹೇಳುವ ಟೋಕನ್ ಪಡೆಯುವ ಕೆಲಸ ಹೋಂಸ್ಟೇ ತಾಣದ ಸರ್ವರ್ ಮತ್ತು ಗೂಗಲ್‌ನ ಸರ್ವರ್ ನಡುವೆ ನೇರವಾಗಿ ನಡೆಯುತ್ತದೆ. ಆ ಹಾದಿಯಲ್ಲಿ ಬ್ರೌಸರ್ ಇಲ್ಲ, ಎಚ್ಚರಿಕೆಯ ಪುಟ ಕಂಡು ಹಿಂದೆ ಸರಿಯುವ ಮನುಷ್ಯನೂ ಇಲ್ಲ. ಎದುರಿಗಿರುವುದು ನಿಜವಾಗಿಯೂ ಗೂಗಲ್ ಹೌದೇ ಎಂದು ತಾಣದ ಡಿಜಿಟಲ್ ಗುರುತುಪತ್ರವಾದ ಸರ್ಟಿಫಿಕೇಟ್ ನೋಡಿ ನಿರ್ಧರಿಸಬೇಕಾದದ್ದು, ಲಾಗಿನ್ ಕೆಲಸಕ್ಕೆಂದು ತಾಣದಲ್ಲಿ ಅಳವಡಿಸಿದ ಸಿದ್ಧ ತಂತ್ರಾಂಶವಾದ ಲಾಗಿನ್ ಲೈಬ್ರರಿ ಮಾತ್ರ.

ಈ ಪರಿಶೀಲನೆಗೆ ಎರಡು ಮುಖಗಳಿವೆ. ತೋಟ ಕೊಳ್ಳುವವರು ಕ್ರಯಪತ್ರದ ಮೇಲೆ ಉಪನೋಂದಣಾಧಿಕಾರಿಯ ಮೊಹರು ಅಸಲಿಯೇ ಎಂದು ನೋಡಿದರೆ ಸಾಲದು, ಅದರಲ್ಲಿರುವ ಸರ್ವೆ ನಂಬರು ತಾವು ಕೊಳ್ಳುತ್ತಿರುವ ತೋಟದ್ದೇ ಎಂದೂ ನೋಡಬೇಕು. ಸರ್ಟಿಫಿಕೇಟನ್ನು ನಂಬಿಕಸ್ಥ ಪ್ರಾಧಿಕಾರವೊಂದು ಸಹಿ ಮಾಡಿ ಕೊಟ್ಟಿದೆಯೇ ಎಂಬುದು ಮೊಹರಿನ ಪ್ರಶ್ನೆ. ಅದರಲ್ಲಿರುವ ಹೆಸರು ನಾವು ಸಂಪರ್ಕಿಸಿದ ತಾಣದ ಹೆಸರೇ ಎಂಬುದು ಸರ್ವೆ ನಂಬರಿನ ಪ್ರಶ್ನೆ. ಎರಡನೆಯದನ್ನು ಬಿಟ್ಟರೆ, ತನ್ನದೇ ತಾಣಕ್ಕೆ ಕ್ರಮಬದ್ಧವಾಗಿ ಸರ್ಟಿಫಿಕೇಟ್ ಪಡೆದ ಯಾವ ವಂಚಕನೂ ಹಾದಿಯ ನಡುವೆ ನಿಂತು ಗೂಗಲ್ ಎನಿಸಿಕೊಳ್ಳಬಲ್ಲ.

ಇದು ಕಲ್ಪಿತ ಭಯವಲ್ಲ. ಟೆಕ್ಸಾಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು 2012ರಲ್ಲಿ ಹಣ ಪಾವತಿಯ ಲೈಬ್ರರಿಗಳಲ್ಲಿಯೇ ಈ ದೋಷವನ್ನು ತೋರಿಸಿದರು. ಸರ್ವರ್‌ಗಳ ಸಂಪರ್ಕಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಕರ್ಲ್ ಲೈಬ್ರರಿಯಲ್ಲಿ ಹೆಸರಿನ ಪರಿಶೀಲನೆಗೆ 2 ಎಂಬ ಅಂಕಿ ಕೊಡಬೇಕಿತ್ತು. ಪ್ರೋಗ್ರಾಮರ್‌ಗಳು ಸಹಜವಾಗಿ ‘ಟ್ರೂ’ (ಹೌದು) ಎಂದು ಬರೆದರು, ಕಂಪ್ಯೂಟರ್ ಅದನ್ನು 1 ಎಂದು ಓದಿತು, 1ರ ಅರ್ಥವೋ ಸರ್ಟಿಫಿಕೇಟಿನಲ್ಲಿ ಯಾವುದಾದರೊಂದು ಹೆಸರಿದ್ದರೆ ಸಾಕು ಎಂದಾಗಿತ್ತು. ಅದೇ ವರ್ಷ ಕರ್ಲ್ 1 ಎಂಬ ಅಂಕಿಯನ್ನು ನಿರಾಕರಿಸತೊಡಗಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂಲ ಲೈಬ್ರರಿಯಂತೂ 2014ರ ಡಿಸೆಂಬರಿನ 2.7.9 ಆವೃತ್ತಿಯವರೆಗೂ ಯಾರೂ ಕೇಳದ ಹೊರತು ಸರ್ಟಿಫಿಕೇಟನ್ನು ಪರೀಕ್ಷಿಸುತ್ತಲೇ ಇರಲಿಲ್ಲ.

ಲಾಗಿನ್‌ನಲ್ಲಿ ಅಪಾಯ ಇನ್ನೂ ಆಳವಾದದ್ದು. ಟೋಕನ್‌ಗೆ ಗೂಗಲ್‌ನ ಡಿಜಿಟಲ್ ಸಹಿ ಇರುತ್ತದೆಯಾದರೂ, ಟೋಕನ್ ನೇರವಾಗಿ ಸರ್ವರ್‌ನಿಂದಲೇ ಬಂದಿದ್ದರೆ ಆ ಸಹಿಯ ಬದಲು ಸರ್ಟಿಫಿಕೇಟಿನ ಪರಿಶೀಲನೆಯನ್ನೇ ನೆಚ್ಚಬಹುದೆಂದು ಇಂಥ ಲಾಗಿನ್‌ಗಳಿಗೆ ಆಧಾರವಾದ ಓಪನ್‌ಐಡಿ ಕನೆಕ್ಟ್ ನಿಯಮಾವಳಿ ಅನುಮತಿಸುತ್ತದೆ. ಆ ಅನುಮತಿಯನ್ನು ಬಳಸಿಕೊಂಡ ಲೈಬ್ರರಿಯಲ್ಲಿ ಯಾರಾದರೂ ಸರ್ಟಿಫಿಕೇಟ್ ಪರಿಶೀಲನೆಯನ್ನು ನಿಲ್ಲಿಸಿದರೆ ಎರಡು ಕಾವಲೂ ಒಮ್ಮೆಗೇ ಹೋಗುತ್ತವೆ, ಮಧ್ಯದಲ್ಲಿ ನಿಂತವನು ತಾಣದ ಮಾಲೀಕನ ಹೆಸರಿನಲ್ಲಿಯೇ ಟೋಕನ್ ಸೃಷ್ಟಿಸಿ ಒಳಬರಬಹುದು. ಗೂಗಲ್‌ಗೆ ತನ್ನ ಗುರುತು ಸಾಬೀತುಪಡಿಸಲು ತಾಣ ಬಳಸುವ ಗುಪ್ತಕೀಲಿಯೂ ಅದೇ ಹಾದಿಯಲ್ಲಿ ಸಾಗುವುದಾದರೆ ಅದೂ ಅವನ ಕೈಸೇರುತ್ತದೆ.

ಆದರೂ ಪರಿಶೀಲನೆಯನ್ನು ನಿಲ್ಲಿಸುವವರಿದ್ದಾರೆ, ಏಕೆಂದರೆ ದೋಷಸಂದೇಶ ಬಂದಾಗ ಒಂದು ಸಾಲು ಬರೆದರೆ ಅದು ಮಾಯವಾಗುತ್ತದೆ. ಆ ಸಂದೇಶದ ಕಾರಣ ಸಾಮಾನ್ಯವಾಗಿ ಸರಳವಾದದ್ದು: ಸರ್ವರ್‌ನ ಗಡಿಯಾರ ತಪ್ಪಿರುತ್ತದೆ, ಎದುರಿನವರು ತಮ್ಮ ಸರ್ಟಿಫಿಕೇಟನ್ನು ಪ್ರಾಧಿಕಾರಕ್ಕೆ ಜೋಡಿಸುವ ನಡುವಣ ಸರ್ಟಿಫಿಕೇಟ್ ಕಳಿಸಿರುವುದಿಲ್ಲ, ಅಥವಾ ನಂಬಿಕಸ್ಥ ಪ್ರಾಧಿಕಾರಗಳ ಪಟ್ಟಿ ಹಳತಾಗಿರುತ್ತದೆ. 2021ರ ಸೆಪ್ಟೆಂಬರ್ 30ರಂದು, ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಾಧಿಕಾರ ನೆಚ್ಚಿಕೊಂಡಿದ್ದ ಹಳೆಯ ಮೂಲ ಸರ್ಟಿಫಿಕೇಟ್‌ನ ಅವಧಿ ಮುಗಿದಾಗ ಹಳೆಯ ತಂತ್ರಾಂಶದ ಎಷ್ಟೋ ಯಂತ್ರಗಳು ಸಂಪರ್ಕ ಕಳೆದುಕೊಂಡದ್ದು ಹೀಗೆಯೇ. ಅದಕ್ಕೆ ಪರಿಹಾರ ತಂತ್ರಾಂಶವನ್ನೂ ಪಟ್ಟಿಯನ್ನೂ ನವೀಕರಿಸುವುದು, ಪರಿಶೀಲನೆ ನಿಲ್ಲಿಸುವುದಲ್ಲ.

ಆದ್ದರಿಂದ ಲಾಗಿನ್ ಯಶಸ್ವಿಯಾಯಿತೆಂದು ತೋರಿಸಿದ ಮಾತ್ರಕ್ಕೆ ಹೋಂಸ್ಟೇ ಮಾಲೀಕರು ತಾಣವನ್ನು ಒಪ್ಪಿಕೊಳ್ಳಬಾರದು. ತಪ್ಪು ಹೆಸರಿನ ಒಂದು, ಅವಧಿ ಮುಗಿದ ಒಂದು, ತಾನೇ ಸಹಿ ಹಾಕಿಕೊಂಡ ಒಂದು ಸರ್ಟಿಫಿಕೇಟ್ ಇರುವ ಪರೀಕ್ಷಾ ಸರ್ವರ್‌ಗಳತ್ತ ಲೈಬ್ರರಿಯನ್ನು ತಿರುಗಿಸಿ, ಮೂರು ಬಾರಿಯೂ ಲಾಗಿನ್ ವಿಫಲವಾಗುವುದನ್ನು ತೋರಿಸುವಂತೆ ಕೇಳಬೇಕು.