ಐ7 ಇದ್ರೆ ಸಾಕಲ್ವಾ ಸರ್?

ಪ್ರಶ್ನೆ: ಮಗಳದ್ದು ಸೆಕೆಂಡ್ ಪಿಯುಸಿ ಮುಗೀತು. ಇಂಜಿನಿಯರಿಂಗ್ ಸಿಗಬಹುದು, ಇಲ್ಲಾಂದ್ರೆ ಬಿಕಾಂ. 40 ಸಾವಿರದ ಒಳಗೆ ಯಾವ ಲ್ಯಾಪ್‌ಟಾಪ್ ತಗೊಳ್ಳೋದು? ಹೊಸದರಲ್ಲಿ ಐ3 ತೋರಿಸ್ತಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ 24 ಸಾವಿರಕ್ಕೇ ಐ7 ಸಿಗುತ್ತೆ ಅಂತಾರೆ. ಐ7 ಇದ್ರೆ ಸಾಕಲ್ವಾ ಸರ್?

ಸಿಇಟಿ ರಿಸಲ್ಟ್ ಬರುವ ಹೊತ್ತಿಗೆ ಈ ಪ್ರಶ್ನೆಯ ಸೀಸನ್ ಶುರುವಾಗುತ್ತದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನಿಗೆ ಇದು ತಪ್ಪಿದ್ದಲ್ಲ. ಮದುವೆ ಮನೆಯಲ್ಲಿ ಕೇಳುತ್ತಾರೆ, ಹಾಲಿನ ಅಂಗಡಿಯಲ್ಲಿ ಕೇಳುತ್ತಾರೆ. ಊರು ಬೇರೆ, ಕೋರ್ಸ್ ಬೇರೆ, ಬಜೆಟ್ ಐದು ಸಾವಿರ ಆಚೆ ಈಚೆ. ಆ ಐ7, ಅಂದರೆ ಲ್ಯಾಪ್‌ಟಾಪಿನ ಮಿದುಳಾದ ಇಂಟೆಲ್ ಕಂಪನಿಯ ಪ್ರೊಸೆಸರಿನ ಹೆಸರು, ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ.

ಅವಸರ ಇರುವವರಿಗೆ ಮೊದಲು ಚಿಕ್ಕ ಉತ್ತರ. ಹೊಸದಾದರೆ ಇಂಟೆಲ್ 12 ಅಥವಾ 13ನೇ ಜನರೇಷನ್ ಐ3 ಸಾಕು, ಆ ಬೆಲೆಗೆ ಐ5 ಸಿಕ್ಕರೆ ಬಿಡಬೇಡಿ. ರ‍್ಯಾಮ್ 8 ಜಿಬಿಗಿಂತ ಕಮ್ಮಿ ಬೇಡ, 16 ಇದ್ದರೆ ನೆಮ್ಮದಿ. 512 ಜಿಬಿ ಎಸ್‌ಎಸ್‌ಡಿ (ಫೈಲ್ ಇಡುವ ಜಾಗ, ಹಾರ್ಡ್ ಡಿಸ್ಕಿಗಿಂತ ಬಹಳ ವೇಗ), ಫುಲ್ ಎಚ್‌ಡಿ ಸ್ಕ್ರೀನ್. ಯಾವ ಕಂಪನಿ ಅಂತ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ಊರಿಗೆ ಹತ್ತಿರ ಯಾವುದರ ಸರ್ವಿಸ್ ಸೆಂಟರ್ ಇದೆಯೋ ಅದನ್ನು ನೋಡಿ.

ಈಗ ಆ ಐ7 ವಿಚಾರ.

ಅಕ್ಕನ ಮಗ ಒಮ್ಮೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿನಿಂದ ನೇರ ನಮ್ಮ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ "ಮಾವ, ಐ7 ಸಿಕ್ತು, ಬರೀ 23 ಸಾವಿರ" ಅಂದ. ಊಟದ ಟೇಬಲ್ ಮೇಲೆ ಇಟ್ಟು ತೆರೆದ. ಐ7 ಸ್ಟಿಕ್ಕರ್ ಫಳಫಳ ಅನ್ನುತ್ತಿತ್ತು, ಆದರೆ ಕೀಬೋರ್ಡಿನ ಎ, ಎಸ್ ಅಕ್ಷರಗಳು ಅರ್ಧ ಸವೆದುಹೋಗಿದ್ದವು. ನನಗೆ ಅಲ್ಲೇ ಅನುಮಾನ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್ ಒಳಗೆ ಸಿಪಿಯು ಮೇಲೆ ಕ್ಲಿಕ್ ಮಾಡಿದೆ. ಬಲಗಡೆ ಮೇಲೆ ಪೂರ್ತಿ ಹೆಸರು ಬಂತು: ಐ7-6600ಯು. ಕೆಳಗೆ ಕೋರ್‌ಗಳ, ಅಂದರೆ ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕಗಳ, ಲೆಕ್ಕ: 2.

"ಎರಡೇನಾ?" ಅಂದ.

ಎರಡೇ. ಅದು 2015ರ ಪ್ರೊಸೆಸರ್. ಅವನು ಬೇಡ ಅಂತ ಬಿಟ್ಟುಬಂದ ಹೊಸ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಐ3-1215ಯು, 2022ರದ್ದು, ಅದರಲ್ಲಿ ಆರು ಕೋರ್. ಆ "ಬರೀ ಐ3" ಈ ಐ7 ಅನ್ನು ಎಲ್ಲ ಲೆಕ್ಕದಲ್ಲೂ ಹಿಂದೆ ಹಾಕುತ್ತದೆ, ಅದೂ ಸ್ವಲ್ಪ ಅಲ್ಲ.

ನಮ್ಮ ಹುಡುಗರಿಗೆ ಇದನ್ನು ನಾನು ಹೇಳುವ ರೀತಿ ಒಂದಿದೆ. ಐ3, ಐ5, ಐ7 ಅನ್ನುವುದು ಕ್ಲಾಸಿನೊಳಗಿನ ರ‍್ಯಾಂಕ್. ಜನರೇಷನ್ ಅನ್ನುವುದು ಎಷ್ಟನೇ ಕ್ಲಾಸು ಅನ್ನುವುದು. ಆರನೇ ಕ್ಲಾಸಿನ ಫಸ್ಟ್ ರ‍್ಯಾಂಕ್ ಹುಡುಗನನ್ನೂ 12ನೇ ಕ್ಲಾಸಿನಲ್ಲಿ, ಅಂದರೆ ಸೆಕೆಂಡ್ ಪಿಯುಸಿಯಲ್ಲಿ, ಜಸ್ಟ್ ಪಾಸಾದ ಹುಡುಗನನ್ನೂ ಪಕ್ಕಪಕ್ಕ ಕೂರಿಸಿ ಇಂಟಿಗ್ರೇಷನ್ ಲೆಕ್ಕ ಕೊಟ್ಟರೆ ಯಾರು ಮಾಡುತ್ತಾರೆ? 6600ರ 6 ಅಂದರೆ ಆರನೇ ಜನರೇಷನ್, 1215ರ 12 ಅಂದರೆ ಹನ್ನೆರಡನೆಯದು, ಉದಾಹರಣೆ ಇಷ್ಟು ಸರಿಯಾಗಿ ಕೂತದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೇನೆ, ಬೇರೆ ಯಾರೂ ತಟ್ಟಲಿಲ್ಲ.

ಜನರೇಷನ್ ಗುರುತಿಸುವುದು ಸುಲಭ. ಅಡ್ಡಗೆರೆಯ ನಂತರದ ನಂಬರ್ 1ರಿಂದ ಶುರುವಾದರೆ ಮೊದಲ ಎರಡು ಅಂಕಿ ಓದಿ, ಇಲ್ಲದಿದ್ದರೆ ಒಂದೇ ಅಂಕಿ. 8250 ಅಂದರೆ ಎಂಟನೆಯದು, 1235 ಅಂದರೆ ಹನ್ನೆರಡನೆಯದು. ತೀರಾ ಹೊಸದರಲ್ಲಿ ಇಂಟೆಲ್‌ನವರು ಐ ಅಕ್ಷರವನ್ನೇ ಕೈಬಿಟ್ಟು ಕೋರ್ 3, ಕೋರ್ 5, ಕೋರ್ ಅಲ್ಟ್ರಾ ಅಂತ ಕರೆಯುತ್ತಿದ್ದಾರೆ. "ಐ ಇಲ್ಲ, ಡೂಪ್ಲಿಕೇಟಾ?" ಅಂತ ಒಬ್ಬರು ಕೇಳಿದ್ದೂ ಆಗಿದೆ.

ಇಷ್ಟು ಹೇಳಿದ ಮೇಲೂ ಒಂದು ವಾದ ಬರುತ್ತದೆ: "ನಮ್ಮ ಆಫೀಸಲ್ಲಿ ಹಳೇ ಐ7 ಚೆನ್ನಾಗೇ ಓಡ್ತಿದೆ ಸರ್." ಓಡುತ್ತದೆ, ಯಾರು ಇಲ್ಲ ಅಂದರು? ಅದಕ್ಕೆ ಯಾರೋ ಎಸ್‌ಎಸ್‌ಡಿ ಹಾಕಿಸಿರುತ್ತಾರೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಐ3 ಕೂಡ ಅಷ್ಟೇ ಚೆನ್ನಾಗಿ ಓಡುತ್ತದೆ. ಪುಣ್ಯ ಮಾಡಿದ್ದು ಎಸ್‌ಎಸ್‌ಡಿ, ಹೆಸರು ಬಂದದ್ದು ಐ7ಗೆ.

ಇನ್ನೊಂದು ತೊಡಕು ವಿಂಡೋಸ್‌ನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೆಚ್ಚುಕಮ್ಮಿ ಎಂಟನೇ ಜನರೇಷನ್‌ನಿಂದ ಮೇಲೆಯೇ ಆಗಬೇಕು. ಆರನೇ ಜನರೇಷನ್‌ಗೂ ಅಡ್ಡದಾರಿಯಲ್ಲಿ 11 ಹಾಕಿಕೊಡುವವರಿದ್ದಾರೆ. ಆನ್ ಆಗುತ್ತದೆ, ನಡೆಯುತ್ತದೆ. ಆದರೆ ಅಂಥ ಮೆಷಿನ್‌ಗೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಭರವಸೆ ಮೈಕ್ರೋಸಾಫ್ಟ್ ಕೊಡುವುದಿಲ್ಲ. ನಾಲ್ಕು ವರ್ಷದ ಡಿಗ್ರಿಗೆ ಅದನ್ನು ನಂಬಿಕೊಂಡು ಹೋಗ್ತೀರಾ?

ಹೊಸದರಲ್ಲೂ ಸ್ಟಿಕ್ಕರ್ ನೋಡಿ ಮೋಸ ಹೋಗಬಹುದು, ಗೊತ್ತಿರಲಿ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ರೈಜನ್ 5 7520ಯು ಮತ್ತು ರೈಜನ್ 5 7530ಯು ನೋಡಿ. ಎರಡೂ ರೈಜನ್ 5, ಎರಡೂ 7 ಸಾವಿರದ ಸೀರೀಸ್, ನಂಬರಿನಲ್ಲಿ ಹತ್ತರ ವ್ಯತ್ಯಾಸ. ಮೊದಲನೆಯದರಲ್ಲಿ ನಾಲ್ಕು ಕೋರ್, ಎರಡನೆಯದರಲ್ಲಿ ಆರು. ಈ ಸೀರೀಸಿನಲ್ಲಿ ಗುಟ್ಟು ಇರುವುದು ಮೂರನೇ ಅಂಕಿಯಲ್ಲಿ: 2 ಅಂದರೆ ಝೆನ್ 2 ಅನ್ನುವ 2019ರ ಡಿಸೈನ್. 3 ಅಂದರೆ ಅದರ ಮುಂದಿನದು. ಅಂಗಡಿಯ ಬೋರ್ಡಿನಲ್ಲಿ ಎರಡಕ್ಕೂ "ರೈಜನ್ 5" ಅಂತ ಮಾತ್ರ ಬರೆದಿರುತ್ತಾರೆ.

ಹಾಗಂತ ಸೆಕೆಂಡ್ ಹ್ಯಾಂಡ್ ತಗೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಕಂಪನಿಗಳಿಂದ ಹೊರಬಂದ ಎಂಟನೇ ಜನರೇಷನ್ ಐ5, ಹತ್ತನೇ ಜನರೇಷನ್ ಐ5 ಎಷ್ಟೋ ಸಲ ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಗಟ್ಟಿಮುಟ್ಟಾಗಿರುತ್ತವೆ. ಬ್ಯಾಟರಿ ಮಾತ್ರ ಪರೀಕ್ಷೆ ಮಾಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಒಂದು ಓರೆಗೆರೆ, ಅದಕ್ಕೆ ಅಂಟಿದಂತೆ ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದು ಫೈಲ್ ಆಗುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ ಅಂತ ಒಂದು ಅಂಕಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಅಂತ ಇನ್ನೊಂದು. 50 ಸಾವಿರ ಇರಬೇಕಾದ ಕಡೆ 25 ಸಾವಿರ ಇದ್ದರೆ ಬ್ಯಾಟರಿ ಅರ್ಧ ಮುಗಿದಿದೆ ಅಂತ ಅರ್ಥ. ಅಂಗಡಿಯಲ್ಲೇ ಕೂತು ಮಾಡಿ, ನಾಚಿಕೆ ಬೇಡ. ಹೊಸ ಬ್ಯಾಟರಿಯ ದುಡ್ಡನ್ನು ಚೌಕಾಸಿಯಲ್ಲಿ ಕಳೆಯಿರಿ.

20 ಸಾವಿರದ ಹೊಸ ಲ್ಯಾಪ್‌ಟಾಪ್, ಅಂದರೆ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿಗಿಂತ ನಿಧಾನದ ಅಗ್ಗದ ಸ್ಟೋರೇಜ್) ಇರುವಂಥದ್ದು ಬೇಡವೇ ಬೇಡ. ಆ 64 ಜಿಬಿಯಲ್ಲಿ ವಿಂಡೋಸ್ ಕೂತ ಮೇಲೆ ನಿಮ್ಮ ಮಗಳ ಫೈಲ್‌ಗೆ ಹೆಚ್ಚು ಜಾಗ ಉಳಿಯುವುದಿಲ್ಲ.

ರ‍್ಯಾಮ್ ಬಗ್ಗೆ ಒಂದು ಮಾತು. ಮೊದಲೆಲ್ಲ "8 ಜಿಬಿ ತಗೊಳ್ಳಿ, ಆಮೇಲೆ ಇನ್ನೊಂದು 8 ಹಾಕಿಸಿ" ಅನ್ನುತ್ತಿದ್ದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ಮೇಲೆ ಹಾಗೆ ಧೈರ್ಯವಾಗಿ ಹೇಳಲು ಆಗುತ್ತಿಲ್ಲ. ಆದರೂ ಖಾಲಿ ಸ್ಲಾಟ್ ಇರುವುದನ್ನೇ ತಗೊಳ್ಳಿ. ಕೆಲವದರಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಏನೂ ಮಾಡುವ ಹಾಗಿಲ್ಲ.

ಗ್ರಾಫಿಕ್ಸ್ ಕಾರ್ಡ್? ಇಂಜಿನಿಯರಿಂಗ್ ಅಂದ ಕೂಡಲೇ ಬೇಕು ಅನ್ನುವವನಿಗೆ ಬೇಕಾಗಿರುವುದು ಗೇಮ್. ಆರ್ಕಿಟೆಕ್ಚರ್ ಮಕ್ಕಳ ಮಾತು ಬೇರೆ. ಮೊದಲ ವರ್ಷದ ಡ್ರಾಯಿಂಗ್ ಹೇಗೂ ಲ್ಯಾಬಿನಲ್ಲಿ ನಡೆಯುತ್ತದೆ. ಬಿಕಾಂಗೆ ಟ್ಯಾಲಿ, ಎಕ್ಸೆಲ್, ಅಷ್ಟೇ ತಾನೆ.

ಯಾರೂ ಕೇಳದ ಪ್ರಶ್ನೆಯೊಂದಿದೆ, ಕೇಳಬೇಕಿತ್ತು: ಇದರಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ? 40 ಸಾವಿರ ಕೊಟ್ಟು ಮೂರು ವರ್ಷ ಬಳಸಿ, ಕನ್ನಡ ಅಸೈನ್‌ಮೆಂಟನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಲ್ಯಾಪ್‌ಟಾಪಿಗೆ ಕಳಿಸಿಕೊಳ್ಳುವ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ. ಸೆಟ್ಟಿಂಗ್ಸ್‌ನ ಟೈಮ್ ಅಂಡ್ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿ, ಕೀಬೋರ್ಡುಗಳಲ್ಲಿ ಫೊನೆಟಿಕ್ (ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವುದು) ಆರಿಸಿ. 2019ರಿಂದ ಅದು ವಿಂಡೋಸ್ ಒಳಗೇ ಇದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸ ಕಲಿತವರು ನುಡಿ ಅನ್ನುವ ಕನ್ನಡ ತಂತ್ರಾಂಶ ಹಾಕಿಕೊಳ್ಳಿ, ಬೆರಳಿಗೆ ಅದೇ ಹಿತ.

ನುಡಿ ಹಾಕಿಕೊಂಡರೆ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತದಲ್ಲೇ, ಬರೆಯಿರಿ. ಹಳೇ ನುಡಿ ಫಾಂಟಿನಲ್ಲಿ ಬರೆದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಚುಕ್ಕಿ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಸೆಮಿನಾರಿನ ಹಿಂದಿನ ರಾತ್ರಿ "ಸರ್, ಫೈಲ್ ಕರಪ್ಟ್ ಆಗಿದೆ" ಅಂತ ಫೋನ್ ಬರುವುದು ಇದಕ್ಕೇ. ಕರಪ್ಟ್ ಆಗಿರುವುದಿಲ್ಲ. ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳಿವೆ, ಅದರಲ್ಲಿ ಹಾಕಿ ತೆಗೆಯಿರಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಂದು ಸಲ ಕಣ್ಣಾಡಿಸಿ ನೋಡಿ ಪ್ರಿಂಟ್ ಕೊಡಿ.