ಪದ ಪರಿಚಯ: ರೇಡಿಯಾಲಜಿಸ್ಟ್

ಒಂದು ಸುದ್ದಿಚಿತ್ರದ ಕೆಳಗೆ ಹೀಗಿತ್ತು: 'ರೋಗಿಯನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸುತ್ತಿರುವ ರೇಡಿಯಾಲಜಿಸ್ಟ್'. ಈ ತಪ್ಪನ್ನು ನೋಡಿ ನೋಡಿ ಸಾಕಾಗಿದೆ. ಚಿತ್ರದಲ್ಲಿದ್ದವರು ರೇಡಿಯೋಗ್ರಾಫರ್, ಅಂದರೆ ಯಂತ್ರ ನಡೆಸಿ ಸ್ಕ್ಯಾನ್ ತೆಗೆಯುವವರು. ಜನರ ಬಾಯಲ್ಲಿ ಟೆಕ್ನಿಷಿಯನ್. ತೆಗೆದ ಸ್ಕ್ಯಾನ್ ಓದಿ ರೋಗ ಗುರುತಿಸುವ ಡಾಕ್ಟರ್, ಅಂದರೆ ರೇಡಿಯಾಲಜಿಸ್ಟ್, ಆ ಹೊತ್ತಿಗೆ ಮಂದ ಬೆಳಕಿನ ಇನ್ಯಾವುದೋ ಕೋಣೆಯಲ್ಲಿ ಮಾನಿಟರ್ ಮುಂದೆ ಕೂತಿರುತ್ತಾರೆ. ಈಗೀಗ ಬೇರೆ ಊರಲ್ಲೇ ಕೂತಿದ್ದರೂ ಆಶ್ಚರ್ಯವಿಲ್ಲ.

ಈ ಗೊಂದಲಕ್ಕೆ ಅರ್ಧ ಕಾರಣ ನಮ್ಮದೇ ಒಂದು ಕ್ರಿಯಾಪದ ಅಂತ ನನ್ನ ಗುಮಾನಿ. ನಾವು ಎಕ್ಸ್‌ರೇ 'ತೆಗೆಸುತ್ತೇವೆ', ಫೋಟೊ ತೆಗೆಸಿದ ಹಾಗೆ. ಫೋಟೊ ತೆಗೆದರೆ ಅಲ್ಲಿಗೆ ಕೆಲಸ ಮುಗೀತು. ನಮ್ಮ ಮುಖ ನಮಗೆ ಗೊತ್ತು, ಅದನ್ನು ಓದಿ ಹೇಳಲು ಇನ್ನೊಬ್ಬರು ಬೇಕಿಲ್ಲ. ಎಕ್ಸ್‌ರೇಯಲ್ಲಿ ಹಾಗಲ್ಲ. ತೆಗೆದ ಮೇಲೆ ಅದನ್ನು ಒಬ್ಬರು ಕೂತು ಓದಬೇಕು. ಆದರೆ 'ಎಕ್ಸ್‌ರೇ ಓದಿಸಿದೆ' ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಓದುವವರಿಗೆ ನಮ್ಮ ಮಾತಿನಲ್ಲಿ ಜಾಗವೇ ಇಲ್ಲ. ಹಾಗಾಗಿ ಕಣ್ಣಿಗೆ ಕಂಡವರಿಗೇ ಆ ಹೆಸರು ಅಂಟಿಕೊಂಡಿದೆ.

ಪದದ ಬಾಲಗಳಲ್ಲೂ ಒಂದು ತಮಾಷೆ ಇದೆ. 'ಗ್ರಾಫರ್' ಬಂದಿರುವುದು ಬರೆ ಎಂಬ ಅರ್ಥದ ಗ್ರೀಕ್ ಮಾತಿನಿಂದ. 'ಲಜಿ' ಬಂದಿರುವುದು 'ಲೋಗೊಸ್' ನಿಂದ. ಲೋಗೊಸ್ ಅಂದರೆ ಮಾತು, ತರ್ಕ, ತಿಳಿವು. ಆದರೆ ಆಸ್ಪತ್ರೆಯಲ್ಲಿ ಬರೆಯುವ ಕೆಲಸವೆಲ್ಲ ರೇಡಿಯಾಲಜಿಸ್ಟ್‌ರದು, ರೋಗಿಯ ಜೊತೆ ಮಾತಾಡುವ ಕೆಲಸವೆಲ್ಲ ರೇಡಿಯೋಗ್ರಾಫರ್‌ದು!

ಪದದ ಮೊದಲಿಗಿರುವ 'ರೇಡಿಯೊ' ಲ್ಯಾಟಿನ್‌ನ 'ರೇಡಿಯಸ್' ನಿಂದ ಬಂದದ್ದು. ಅದರರ್ಥ ಕಡ್ಡಿ, ಚಕ್ರದ ಅರ, ಹಾಗೇ ಕಿರಣ. ವೃತ್ತದ ತ್ರಿಜ್ಯ, ಮುಂಗೈಯ ಒಂದು ಮೂಳೆ, ಹಾಡು ಕೇಳಿಸುವ ರೇಡಿಯೊ, ರೇಡಿಯಂ ಧಾತು ಎಲ್ಲವೂ ಇದೇ ಮನೆತನದವು. 1895ರ ನವೆಂಬರ್ 8ರಂದು ಜರ್ಮನಿಯ ಭೌತವಿಜ್ಞಾನಿ ರಾಂಟ್‌ಜೆನ್‌ಗೆ ಹೊಸ ಕಿರಣವೊಂದು ಕಂಡಿತು. ಅದೇನೆಂದು ತಿಳಿಯದ್ದಕ್ಕೆ ಎಕ್ಸ್ ಎಂದು ಕರೆದರು. ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ಇಲ್ಲಿಯವರೆಗೆ ಚೆನ್ನಾಗಿಯೇ ಇದೆ.

ಎಡವಟ್ಟು ಆಗಿದ್ದು 'ವಿಕಿರಣ ತಜ್ಞ' ಎಂಬ ಅನುವಾದದಲ್ಲಿ. ಈ ಪದ ಕಂಡರೆ ನನಗೆ ಸಿಟ್ಟು ಬರುತ್ತದೆ. ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವವರೇ ಬೇರೆ, ಅವರ ತರಬೇತಿಯೇ ಬೇರೆ. ಇಬ್ಬರಿಗೂ ಒಂದೇ ಹೆಸರಿಟ್ಟರೆ ಹೇಗೆ? ಮೊಣಕಾಲು ನೋವಿನವರಿಗೆ 'ವಿಕಿರಣ ತಜ್ಞರು ನೋಡಿದ್ದಾರೆ' ಎಂದು ಹೇಳಿ ನೋಡಿ, ಅವತ್ತು ರಾತ್ರಿ ಅವರಿಗೆ ನಿದ್ದೆ ಬರೋದಿಲ್ಲ. ಸಾಲದ್ದಕ್ಕೆ, ರೇಡಿಯಾಲಜಿಸ್ಟ್‌ರು ನೋಡುವ ಎಲ್ಲ ಚಿತ್ರಗಳೂ ಕ್ಷ-ಕಿರಣದವಲ್ಲ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಹೌದು. ಅಲ್ಟ್ರಾಸೌಂಡ್ ನಮ್ಮ ಕಿವಿಗೆ ಕೇಳದ ಸದ್ದಿನಿಂದ ಆಗುವ ಕೆಲಸ. ಎಂಆರ್‌ಐ ಬಲವಾದ ಅಯಸ್ಕಾಂತ ಮತ್ತು ರೇಡಿಯೊ ಅಲೆಗಳದ್ದು. 'ಎಂಆರ್‌ಐ ಬೇಡಪ್ಪ, ಎಕ್ಸ್‌ರೇ ಕಿರಣ ಜಾಸ್ತಿ ಆಗುತ್ತೆ' ಅನ್ನುವವರು ಹೆಸರು ನೋಡಿ ಹೆದರಿದವರು. ಅಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ.

'ಅವರು ನಿಜವಾದ ಡಾಕ್ಟರಾ?' ಹೌದು. ಮೊದಲು ಎಲ್ಲರಂತೆ ವೈದ್ಯಕೀಯ ಓದು, ಆಮೇಲೆ ಇದರಲ್ಲೇ ಹಲವು ವರ್ಷದ ತರಬೇತಿ.

ಹಾಗಂತ ರೇಡಿಯೋಗ್ರಾಫರ್ ಬರೀ ಬಟನ್ ಒತ್ತುವವರು ಅಂದುಕೊಂಡರೆ ಅದೂ ಅನ್ಯಾಯ. 'ಉಸಿರು ಎಳೆದು ಹಿಡಿದುಕೊಳ್ಳಿ' ಎಂದು ಅವರು ಸುಮ್ನೆ ಹೇಳುವುದಿಲ್ಲ. ಉಸಿರು ಪೂರ್ತಿ ಎಳೆಯದಿದ್ದರೆ ಎದೆಯ ಎಕ್ಸ್‌ರೇಯಲ್ಲಿ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಚಿತ್ರ ಕೆಟ್ಟರೆ ಓದೂ ಕೆಟ್ಟಿತು. ಆದರೆ 'ಏನಾದ್ರೂ ಇದೆಯಾ?' ಎಂದು ಅವರನ್ನು ಕೇಳಬೇಡಿ. 'ಡಾಕ್ಟರ್ ಹೇಳ್ತಾರೆ' ಅನ್ನುತ್ತಾರೆ. ಅದನ್ನು ಕೇಳಿ, ಏನೋ ಮುಚ್ಚಿಡುತ್ತಿದ್ದಾರೆ ಎಂದು ಹೊರಗೆ ಬಂದು ಅಳುವವರಿದ್ದಾರೆ. ಮುಚ್ಚಿಡುವುದೇನೂ ಇಲ್ಲ, ರೋಗ ಹೆಸರಿಸುವುದು ಅವರ ಕೆಲಸವಲ್ಲ, ಅಷ್ಟೇ.

ಇನ್ನು ಓದುವುದು ಅಂದರೆ ಏನು? ಕೆಮ್ಮಿಗೆ ಎದೆಯ ಎಕ್ಸ್‌ರೇ ತೆಗೆಸಿದ್ದರೂ ರೇಡಿಯಾಲಜಿಸ್ಟ್ ಶ್ವಾಸಕೋಶ ಒಂದನ್ನೇ ನೋಡುವುದಿಲ್ಲ. ಪಕ್ಕೆಲುಬು, ಭುಜದ ಕೀಲು, ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಕೆಳಗಿನ ಜಾಗ ಎಲ್ಲವನ್ನೂ ನೋಡುತ್ತಾರೆ. ಸಿಟಿ ಆದರೆ ಒಬ್ಬ ರೋಗಿಗೇ ನೂರಾರು ಚಿತ್ರ. ಹಳೆಯ ಫಿಲ್ಮ್ ತನ್ನಿ ಅನ್ನುವುದೂ ಇದಕ್ಕೇ. ಒಂದು ಸಣ್ಣ ಗಂಟು ಎರಡು ವರ್ಷದಿಂದ ಅಷ್ಟೇ ಇದೆಯೋ, ಹೊಸದಾಗಿ ಬಂದಿದೆಯೋ ಅನ್ನುವುದರ ಮೇಲೆ ಮುಂದಿನ ಮಾತೆಲ್ಲ ನಿಂತಿದೆ. ಆ ಫಿಲ್ಮ್ ಮನೆಯಲ್ಲಿ ಹಾಸಿಗೆಯ ಕೆಳಗಿದ್ದರೆ ಯಾರಿಗೆ ಉಪಯೋಗ?

ರಿಪೋರ್ಟಿನ ಕೊನೆಯಲ್ಲಿ 'ಕ್ಲಿನಿಕಲ್ ಕೋರಿಲೇಷನ್' ಎಂದಿರುತ್ತದೆ. ಜಾರಿಕೊಳ್ಳುವ ಮಾತು ಎಂದು ಗೊಣಗುವವರು ಬಹಳ. ಶ್ವಾಸಕೋಶದೊಳಗೆ ಕೀವು ತುಂಬಿದರೂ, ನೀರು ತುಂಬಿದರೂ, ರಕ್ತ ತುಂಬಿದರೂ ಎಕ್ಸ್‌ರೇಯಲ್ಲಿ ಕಾಣುವುದು ಒಂದು ಬಿಳಿ ಮಚ್ಚೆ. ಜ್ವರ ಇತ್ತೇ, ಪೆಟ್ಟು ಬಿದ್ದಿತ್ತೇ ಎಂಬುದು ನಿಮ್ಮ ಮೈ ಮುಟ್ಟಿ ನೋಡಿದ ವೈದ್ಯರಿಗೆ ಗೊತ್ತು. ಎರಡನ್ನೂ ಹೊಂದಿಸಿ ನೋಡಿ ಎಂದು ಅದರ ಅರ್ಥ. ಅದೇ ರೀತಿ 'ಅನ್‌ರಿಮಾರ್ಕಬಲ್' ಎಂದರೆ ಹೇಳುವಂಥದ್ದೇನೂ ಕಾಣಲಿಲ್ಲ, ಎಲ್ಲ ಸರಿಯಿದೆ ಎಂದು. ಖುಷಿ ಪಡಬೇಕಾದ ಪದಕ್ಕೆ ಜನ ಗಾಬರಿಯಾಗುತ್ತಾರೆ.

'ಬರೀ ನೋಡೋರು, ಚಿಕಿತ್ಸೆ ಮಾಡೋರಲ್ಲ' ಎಂಬ ಮಾತೂ ಹಳತಾಯಿತು. ಎಷ್ಟು ಹಳತು ಅಂದರೆ, 1964ರ ಜನವರಿಯಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಮುಂದೆ 82 ವರ್ಷದ ಒಬ್ಬರು ಅಜ್ಜಿ ಇದ್ದರು. ಪಾದ ಕೊಳೆಯತೊಡಗಿತ್ತು. ಕಾಲು ಕತ್ತರಿಸಲು ಅಜ್ಜಿ ಒಪ್ಪಿರಲಿಲ್ಲ. ಡಾಟರ್ ಎಕ್ಸ್‌ರೇ ಪರದೆ ನೋಡಿಕೊಂಡು, ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ, ಕಟ್ಟಿಕೊಂಡಿದ್ದ ಜಾಗವನ್ನು ಅಗಲ ಮಾಡಿದರು. ಇವತ್ತು ಆಂಜಿಯೋಪ್ಲಾಸ್ಟಿ ಅಂತ ಎಲ್ಲರ ಬಾಯಲ್ಲೂ ಇರುವ ಚಿಕಿತ್ಸೆ ಶುರುವಾಗಿದ್ದು ಹಾಗೆ. ಅಜ್ಜಿಯ ಕಾಲು ಉಳಿಯಿತು. ಡಾಟರ್ ರೇಡಿಯಾಲಜಿಸ್ಟ್.