ಬಾಗಳಿಯ ಶಾಸನ ಯಾವ ಜಿಲ್ಲೆಯದು? ಉಲ್ಲೇಖ ಪದ್ಧತಿಗಳ ಹಿನ್ನೆಲೆ

ಶಾಸನ ಅಥವಾ ಸ್ಥಳೀಯ ಚರಿತ್ರೆಯ ಮೇಲೆ ಲೇಖನ ಬರೆದು ಜರ್ನಲ್‌ಗೆ ಕಳುಹಿಸುವ ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಸಂಶೋಧಕರಿಗೆ ಸಂಪಾದಕರಿಂದ ಬರುವ ಮೊದಲ ಉತ್ತರ ಅನೇಕ ವೇಳೆ ಲೇಖನದ ವಾದಕ್ಕೆ ಸಂಬಂಧಿಸಿರುವುದಿಲ್ಲ. ಆಕರಗಳನ್ನು ಎಪಿಎ ಅಥವಾ ಎಂಎಲ್ಎ ಎಂಬ ಉಲ್ಲೇಖ ಕ್ರಮಕ್ಕೆ ಹೊಂದಿಸಿ ಮರಳಿ ಕಳುಹಿಸಬೇಕೆಂಬ ಸೂಚನೆಯೇ ಅದರಲ್ಲಿರುತ್ತದೆ. ಇದನ್ನು ಅಲ್ಪವಿರಾಮ, ಆವರಣ ಚಿಹ್ನೆಗಳ ಕಿರುಕುಳವೆಂದು ತಿಳಿದು, ಡಿಟಿಪಿ ಮಾಡುವವರ ಕೈಗೆ ಒಪ್ಪಿಸಿ ಸುಮ್ಮನಾಗುವವರೇ ಹೆಚ್ಚು. ಆದರೆ ಈ ಮೂರು ಜಿಲ್ಲೆಗಳ ಆಕರಗಳ ಮಟ್ಟಿಗೆ ಆ ಕ್ರಮಗಳು ಎಲ್ಲಿ ಹುಟ್ಟಿದವು, ಯಾವ ಬಗೆಯ ಬರವಣಿಗೆಗಾಗಿ ಹುಟ್ಟಿದವು ಎಂಬುದು ತಿಳಿಯದಿದ್ದರೆ ನಷ್ಟವಾಗುವುದು ಮಾಹಿತಿಯೇ.

ಲೇಖಕರ ಹೆಸರು ಮತ್ತು ಪ್ರಕಟಣೆಯ ವರ್ಷವನ್ನು ಆವರಣದೊಳಗೆ ಕೊಡುವ ಪದ್ಧತಿಯ ಮೂಲವನ್ನು ಸಾಮಾನ್ಯವಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಅವರು 1881ರಲ್ಲಿ ಪ್ರಕಟಿಸಿದ, ಚಿಪ್ಪಿಲ್ಲದ ಬಸವನಹುಳುವಿನ ಕುರಿತಾದ ಪ್ರಬಂಧದಲ್ಲಿ ಗುರುತಿಸುತ್ತಾರೆ. ಶಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ತನ್ನ ಕೈಪಿಡಿಯನ್ನು 1906ರಲ್ಲಿ ಹೊರತಂದಿತು. ಅಮೆರಿಕದ ಮನೋವಿಜ್ಞಾನಿಗಳ ಸಂಘದ ಕ್ರಮ, ಅಂದರೆ ಇಂದಿನ ಎಪಿಎ, 1929ರಲ್ಲಿ ಏಳೇ ಪುಟಗಳ ಸೂಚನೆಯಾಗಿ ಆರಂಭವಾಯಿತು. ಸಾಹಿತ್ಯದ ಅಧ್ಯಾಪಕರ ಎಂಎಲ್ಎ ಕ್ರಮ 1951ರದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿ ಅಂಕಿಗಳ ಕ್ರಮವೊಂದನ್ನು ಒಪ್ಪಿಕೊಂಡರು. ಇವುಗಳಲ್ಲಿ ಎಪಿಎ ಅನುಸರಿಸುವ ಲೇಖಕ-ವರ್ಷದ ಪದ್ಧತಿಗೆ ತನ್ನದೇ ಆದ ತರ್ಕವಿದೆ: ಪ್ರಯೋಗಶಾಲೆಯ ವಿಜ್ಞಾನದಲ್ಲಿ ಹೊಸ ಫಲಿತಾಂಶ ಹಳೆಯದನ್ನು ಹಿಂದಿಕ್ಕುವುದರಿಂದ, ಒಂದು ಮಾತು ಎಷ್ಟು ಇತ್ತೀಚಿನದು ಎಂಬುದು ಓದುಗರಿಗೆ ತಕ್ಷಣ ಕಾಣಬೇಕು. ಶಾಸನಪಾಠದ ವಿಷಯ ಹಾಗಲ್ಲ. ಮಸ್ಕಿಯ ಅಶೋಕ ಶಾಸನ 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದು, ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳ ಸಂಪಾದನೆಯಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟವಾಯಿತು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿದ ಆ ಪ್ರಕಟಣೆ ಇಂದಿಗೂ ಆಕರವೇ ಆಗಿದೆ. ಅಶೋಕನ ಶಾಸನಗಳನ್ನು ಸಂಪಾದಿಸಿದ ಹುಲ್ಟ್ಸ್ ಅವರ 1925ರ ಸಂಪುಟದಲ್ಲಿಯೂ ಅದೇ ಶಾಸನವಿದೆ. ಯಾವ ಪಾಠವನ್ನು ಓದಿದ್ದೇವೆ ಎಂಬುದನ್ನು ಹೇಳಬೇಕಾದದ್ದು ಸಂಶೋಧಕರ ಹೊಣೆ. ಹೊಸ ವರ್ಷದ್ದನ್ನೇ ಕೊಟ್ಟರೆ ಹೆಚ್ಚು ಶಾಸ್ತ್ರೀಯವಾಗುತ್ತದೆ ಎಂಬ ಭಾವನೆಗೆ ಇಲ್ಲಿ ಆಧಾರವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಈ ನೆಲದ ಆಡಳಿತದ ಚರಿತ್ರೆಯಲ್ಲಿದೆ. ಶಾಸನ ಸಂಪುಟಗಳೆಂದ ಕೂಡಲೇ ಕನ್ನಡಿಗರಿಗೆ ನೆನಪಾಗುವ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಈ ಮೂರೂ ಜಿಲ್ಲೆಗಳಿಗೆ ಸ್ಥಾನವಿಲ್ಲ, ಏಕೆಂದರೆ ಅದು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೀಮಿತವಾಗಿತ್ತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೇ ಸಂಪುಟದಲ್ಲಿ ಸೇರಿದವು. ರಾಯಚೂರು, ಕೊಪ್ಪಳಗಳು ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅಲ್ಲಿನ ಮುಖ್ಯ ಶೋಧಗಳು ಹೈದರಾಬಾದ್ ಮಾಲೆಯಲ್ಲಿ ಬಂದವು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಎಂಬಲ್ಲಿನ ಅಶೋಕ ಶಾಸನಗಳನ್ನು ಆರ್.ಎಲ್. ಟರ್ನರ್ ಪ್ರಕಟಿಸಿದ್ದು 1932ರಲ್ಲಿ. ಅಂದಿನ ಇಂಗ್ಲಿಷ್ ದಾಖಲೆಗಳು ಊರಿನ ಹೆಸರನ್ನು ‘ಕೊಪ್‌ಬಾಲ್’ ಎಂದು ಬರೆಯುತ್ತಿದ್ದವು. ಇಂದಿನ ಕಾಗುಣಿತ ಹಾಕಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹುಡುಕಿದವರಿಗೆ ಆ ಕಾಲದ ಪುಸ್ತಕಗಳು ಸಿಗದಿದ್ದರೆ ಅಚ್ಚರಿಪಡಬೇಕಿಲ್ಲ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳನ್ನೇ ನೋಡಬಹುದು. ಅವು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ 9ನೇ ಸಂಪುಟದ ಮೊದಲ ಭಾಗದಲ್ಲಿ, 1939ರಲ್ಲಿ, ಬಳ್ಳಾರಿ ಜಿಲ್ಲೆಯವೆಂದು ಅಚ್ಚಾದವು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಇದರ ಜೊತೆಗೆ, ಅದೇ ಸಂಪುಟದಲ್ಲಿ ಬಳ್ಳಾರಿ ಜಿಲ್ಲೆಯವೆಂದು ದಾಖಲಾಗಿರುವ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಸೇರಿದವು. ಆದ್ದರಿಂದ ಜಿಲ್ಲೆಯ ಹೆಸರನ್ನಷ್ಟೇ ನಂಬಿದ ಉಲ್ಲೇಖ ಓದುಗರನ್ನು ಬೇರೊಂದು ರಾಜ್ಯಕ್ಕೇ ಕರೆದೊಯ್ಯಬಹುದು.

ಹಿಂದಿನ ವಿದ್ವಾಂಸರು ಇಂತಹ ಶಾಸನವನ್ನು ಸಂಪುಟ, ಭಾಗ, ಶಾಸನ ಸಂಖ್ಯೆ, ಊರು, ತಾಲ್ಲೂಕು ಎಂಬ ಕ್ರಮದಲ್ಲಿ ಅಡಿಟಿಪ್ಪಣಿಯಲ್ಲಿ ಸೂಚಿಸುತ್ತಿದ್ದರು. ಓದುಗರು ನೇರವಾಗಿ ಆ ಶಾಸನವನ್ನೇ ತೆರೆಯಬಹುದಿತ್ತು. ಅದನ್ನೇ ಎಪಿಎಗೆ ತಿರುಗಿಸುವಾಗ ಆವರಣದಲ್ಲಿ ಸಂಪಾದಕರ ಹೆಸರು ಮತ್ತು 1939 ಮಾತ್ರ ಉಳಿದು, ನೂರಾರು ಶಾಸನಗಳಿರುವ ಸಂಪುಟದಲ್ಲಿ ಹುಡುಕುವ ಕೆಲಸ ಓದುಗರ ತಲೆಗೆ ಬರುತ್ತದೆ. ಇಲ್ಲಿ ಎಪಿಎಯನ್ನು ದೂರುವುದು ಪೂರ್ತಿ ನ್ಯಾಯವಲ್ಲ. ವರ್ಷದ ನಂತರ ಪುಟವನ್ನೋ ಭಾಗವನ್ನೋ ಸೂಚಿಸಲು ಅದರಲ್ಲಿ ಅವಕಾಶವಿದೆ, ಹಾಗಾಗಿ ಶಾಸನ ಸಂಖ್ಯೆಯನ್ನು ಅಲ್ಲಿ ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳದಿರುವುದು ಮಾದರಿ ಹಾಳೆಯನ್ನು ನೋಡಿ ನಕಲು ಮಾಡುವ ನಮ್ಮ ರೂಢಿ.

ಹೆಸರುಗಳ ವಿಚಾರವೂ ಸಣ್ಣದಲ್ಲ. ಪಾಶ್ಚಾತ್ಯ ಕ್ರಮಗಳು ಕುಲನಾಮವನ್ನು ಮೊದಲು ಬಯಸುತ್ತವೆ. ಅಡ್ಡಹೆಸರಿರುವ ಎಂ.ಎಂ. ಕಲಬುರ್ಗಿಯವರು ‘ಕಲಬುರ್ಗಿ, ಎಂ.ಎಂ.’ ಎಂದು ಸಲೀಸಾಗಿ ಕೂರುತ್ತಾರೆ. ಆದರೆ ಲಕ್ಷ್ಮೀನಾರಾಯಣ ರಾಯರು ಒಂದು ಲೇಖನದಲ್ಲಿ ‘ರಾವ್’ ಆಗಿ, ಇನ್ನೊಂದರಲ್ಲಿ ‘ಲಕ್ಷ್ಮೀನಾರಾಯಣ ರಾವ್’ ಆಗಿ, ಒಂದೇ ಪುಸ್ತಕಕ್ಕೆ ಇಬ್ಬರು ಸಂಪಾದಕರಿದ್ದಂತೆ ಕಾಣುತ್ತಾರೆ. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳಿಗೂ ‘ಶಾಸ್ತ್ರಿ, ಆರ್. ಶಾಮ’ ಎಂಬ ಗತಿ ತಪ್ಪಿಲ್ಲ.

ಆಕರಪಟ್ಟಿ ಸಿದ್ಧಪಡಿಸುವ, 2006ರಲ್ಲಿ ಬಂದ ಜೊಟೆರೊದಂತಹ ಉಚಿತ ತಂತ್ರಾಂಶಗಳು ಕ್ರಮ ಬದಲಿಸುವ ಕೆಲಸವನ್ನು ಒಂದು ಗುಂಡಿಗೆ ಇಳಿಸಿದವು. ಆದರೆ ‘ನುಡಿ’ ತಂತ್ರಾಂಶದ ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾದ ಕನ್ನಡ, ಫಾಂಟ್ ಬದಲಾದೊಡನೆ ರೋಮನ್ ಅಕ್ಷರಗಳ ಕಲಸುಮೇಲೋಗರವಾಗುವುದರಿಂದ, ಆ ಆಕರಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದೂ ಹುಡುಕುವುದೂ ಸಾಧ್ಯವಾಗದು. ಯುಜಿಸಿಯ 2018ರ ನಿಯಮಗಳು ಕೃತಿಚೌರ್ಯದ ಪರೀಕ್ಷೆಯಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡ ವಿಧಿಸುವುದಿಲ್ಲ, ಆಕರಪಟ್ಟಿಯನ್ನು ಲೆಕ್ಕದಿಂದಲೇ ಹೊರಗಿಡುತ್ತವೆ. ಆದ್ದರಿಂದ ಸಾಮ್ಯದ ಪ್ರಮಾಣ ಹೆಚ್ಚೀತೆಂದು ಹೆದರಿ ಆಕರಗಳನ್ನು ಮೊಟಕುಗೊಳಿಸುವ ಅಗತ್ಯವಿಲ್ಲ.

ಜರ್ನಲ್ ಯಾವ ಕ್ರಮವನ್ನು ಕೇಳಿದರೂ ಬಾಗಳಿಯ ಶಾಸನಕ್ಕೆ ಸಂಪುಟ, ಭಾಗ, ಶಾಸನ ಸಂಖ್ಯೆ ಬಿಟ್ಟುಹೋಗಬಾರದು. ಜಿಲ್ಲೆಯನ್ನು ಮುದ್ರಣದಲ್ಲಿರುವಂತೆಯೇ ಕೊಟ್ಟು, ಈಗಿನ ಜಿಲ್ಲೆಯನ್ನು ಚೌಕ ಆವರಣದಲ್ಲಿ ಸೇರಿಸಬೇಕು. ಅಂತಹ ಸೇರ್ಪಡೆಗೆ ಜರ್ನಲ್‌ನ ಮಾದರಿಯಲ್ಲಿ ಜಾಗವಿಲ್ಲವೆನಿಸಿದರೆ, ಪಟ್ಟಿಯ ಆರಂಭದಲ್ಲೇ ಶಾಸನಗಳಿಗೆ ಪ್ರತ್ಯೇಕ ವಿಭಾಗ ಮಾಡಿಕೊಳ್ಳಲು ಅನುಮತಿ ಕೋರಿ ಸಂಪಾದಕರಿಗೆ ಒಂದು ಸಾಲು ಬರೆದರೆ ಸಾಕು.